ಹಿಂಬದಿಯ ಸಿಂಹ

ಸಂಜೆ ಶಾಲೆಯವರೂ ಈ ವರ್ಷ ಮೇ ಹದಿನಾಲ್ಕರ ಸ್ವಾತಂತ್ರ್ಯ ಹಬ್ಬದ ಮೆರವಣಿಗೆಯಲ್ಲಿ ನಡೆಯಬಹುದು ಎಂದು ಊರಿನ ಸಮಿತಿ ಕೊನೆಗೂ ಒಪ್ಪಿತು. ಎಲ್ಲರೂ ಪ್ರೊಫೆ ಎಂದು ಕರೆಯುವ ಟೀಚರು ನಿಲ್ದಾ ಬಾಗಿಲಲ್ಲೇ ನಿಂತು ಆ ಸುದ್ದಿ ಹೇಳಿದಾಗ ತರಗತಿಯವರೆಲ್ಲ ಬೆಂಚು ಬಡಿದರು. ಅರ್ಸೇನಿಯಾ ಮಾತ್ರ ಪೆನ್ಸಿಲ್ಲನ್ನು ಮೆಲ್ಲಗೆ ಕೆಳಗಿಟ್ಟು, ಈಗ ಯಾರೋ ಬಂದು ತನ್ನನ್ನು ಎಬ್ಬಿಸಿ ಆಚೆ ಕಳಿಸುತ್ತಾರೇನೋ ಎನ್ನುವಂತೆ ಮುದುಡಿ ಕುಳಿತಳು.

ಅವಳ ಭಯಕ್ಕೆ ಕಾರಣವಿತ್ತು. ಯಾತಾಯ್ ಕೋರಾದಲ್ಲಿ, ಯಾತಾಯ್ ಕೋರಾ ಏನು ಬಂತು, ಪರಾಗ್ವೆಯ ಯಾವ ಊರಲ್ಲಾದರೂ ಸರಿ, ಶಾಲೆಯ ಬಾವುಟ ಹಿಡಿಯುವ ಹಕ್ಕು ಎಲ್ಲರಿಗಿಂತ ಹೆಚ್ಚು ಅಂಕ ಪಡೆದವರದು. ಎದೆಗೆ ಅಡ್ಡಲಾಗಿ ಮೂರು ಬಣ್ಣದ ಪಟ್ಟಿ, ಕೈಗೆ ಬಿಳಿ ಗವಸು, ಆಚೆಗೊಬ್ಬರು ಈಚೆಗೊಬ್ಬರು ಜೊತೆಗಾರರು. ಮೂರನೇ ತರಗತಿಗೇ ಶಾಲೆ ಬಿಟ್ಟ ಅರ್ಸೇನಿಯಾ ಪ್ರತಿ ಮೇ ತಿಂಗಳೂ ಜನರ ಬೆನ್ನ ಹಿಂದೆ ತುದಿಗಾಲಲ್ಲಿ ನಿಂತು ಆ ಹುಡುಗಿಯರನ್ನು ನೋಡುತ್ತ ಬೆಳೆದವಳು. ದೊಡ್ಡವಳಾದ ಮೇಲೆ ಅವರ ಬಿಳಿ ಅಂಗಿಗಳನ್ನು ಹೊಲಿದುಕೊಟ್ಟು, ಇಸ್ತ್ರಿ ಹಾಕಿ, ಮತ್ತೆ ಹಿಂದೆ ಹೋಗಿ ನಿಂತವಳು. ಈಗ ಅಜ್ಜಿಯಾಗುವ ವಯಸ್ಸಿಗೆ ಸಂಜೆ ಶಾಲೆ ಸೇರಿ, ಹಿಂದಿನ ವರ್ಷದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಿದ್ದಳು.

"ಪ್ರೊಫೆ, ಆ ಅಂಕ ಇನ್ನೊಂದ್ಸಲ ಕೂಡಿ ನೋಡಿ. ಎಲ್ಲೋ ತಪ್ಪಾಗಿರತ್ತೆ."

"ನೀವೇ ಆಗ್ಲೇ ಎರಡು ಸಲ ಕೂಡ್ಸಿದೀರ ನ್ಯಾ ಅರ್ಸೇನಿಯಾ," ಎಂದು ನಿಲ್ದಾ ನಕ್ಕಳು. ಮಗಳ ವಯಸ್ಸಿನ ಟೀಚರು. ದೊಡ್ಡ ಹೆಂಗಸರನ್ನು ಹೆಸರಿಗೆ ಮೊದಲು 'ನ್ಯಾ' ಸೇರಿಸದೆ ಕರೆದವಳಲ್ಲ. "ಲೆಕ್ಕದಲ್ಲೂ ನಿಮಗೇ ಹೆಚ್ಚು ಬಂದಿರೋದು. ಕೂಡೋ ವಿಷಯದಲ್ಲಿ ನಿಮ್ಮನ್ನ ನಂಬದೆ ಇನ್ಯಾರನ್ನ ನಂಬ್ಲಿ?"

"ಅವಳಿಗೆ ಬೇಡ ಅಂದ್ರೆ ನಂಗ್ ಕೊಡಿ," ಎಂದಳು ಪಕ್ಕದ ಬೆಂಚಿನ ಪ್ಲಾಸಿದಾ. ಬಸ್ಸು ನಿಲ್ದಾಣದಲ್ಲಿ ಚಿಪಾ ರೊಟ್ಟಿ ಮಾರುವವಳು. "ತಲೆ ಮೇಲೆ ಬುಟ್ಟಿ ಹೊತ್ಕೊಂಡು ವರ್ಷಪೂರ್ತಿ ಈ ಬೀದೀಲಿ ಮೆರವಣಿಗೆ ಮಾಡ್ತಾನೇ ಇದೀನಿ. ಬಾವುಟ ಒಂದು ಹೆಚ್ಚಾ?"

"ನಿನಗೆ ಬಂದಿರೋ ಅಂಕಕ್ಕೆ ಬಾವುಟದ ಕೋಲೂ ಕೊಡಲ್ಲ," ಎಂದರು ಹಿಂದಿನ ಸಾಲಿನಿಂದ ಹಡಗುಕಟ್ಟೆಯ ದೋಣಿ ನಡೆಸುವ ದೊನ್ ಇಸಾಬೆಲಿನೋ.

"ನಿಮಗೆ ಬಂದಿರೋದಕ್ಕೆ ಕೋಲಿನ ಏಟು ಕೊಡ್ತಾರೆ, ಸುಮ್ನೆ ಕೂತ್ಕೊಳ್ಳಿ."

ಕೊನೆಗೆ ಇವರಿಬ್ಬರೇ ಅರ್ಸೇನಿಯಾಳ ಎಡಬಲದ ಜೊತೆಗಾರರು ಎಂದು ತೀರ್ಮಾನವಾಯಿತು.

ಸಮಿತಿ ಒಂದು ಷರತ್ತು ಹಾಕಿತ್ತು. ಶಾಲೆಗೆ ತನ್ನದೇ ಬಾವುಟ ಇರಬೇಕು, ಅದು ಎರಡು ಮುಖದ್ದಾಗಿರಬೇಕು. ಪರಾಗ್ವೆಯ ಬಾವುಟಕ್ಕೆ ಮುಂದೊಂದು ಮುಖ, ಹಿಂದೊಂದು ಮುಖ. ಎರಡು ಕಡೆಯೂ ಮೇಲೆ ಕೆಂಪು, ನಡುವೆ ಬಿಳಿ, ಕೆಳಗೆ ನೀಲಿ. ಆದರೆ ಬಿಳಿಯ ನಡುವಿನ ದುಂಡು ಮುದ್ರೆ ಮಾತ್ರ ಬೇರೆ ಬೇರೆ. ಮುಂಬದಿಯಲ್ಲಿ ಎಲೆಗಳ ಮಧ್ಯೆ ನಕ್ಷತ್ರ, ಹಿಂಬದಿಯಲ್ಲಿ ಕೋಲಿನ ತುದಿಗೆ ಸಿಕ್ಕಿಸಿದ ಕೆಂಪು ಟೋಪಿಯನ್ನು ಕಾಯುತ್ತಿರುವ ಸಿಂಹ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬಾವುಟಗಳಿಗೆ ಎರಡೂ ಕಡೆ ನಕ್ಷತ್ರವೇ ಇರುತ್ತದೆ. ಅಂಥದ್ದು ತಂದರೆ ಸಾಲಿನಿಂದ ಆಚೆ ಎಂದು ಸಮಿತಿಯ ಕಾರ್ಯದರ್ಶಿ ದೊನ್ ಬೆನಿಗ್ನೋ ಕಡ್ಡಿ ಮುರಿದಂತೆ ಹೇಳಿದ್ದರು. ಮೆರವಣಿಗೆಯ ದಿನ ಧ್ವನಿವರ್ಧಕದಲ್ಲಿ ಮಾತಾಡುವವರು ಅವರು. ಅದು ಬೇರೆಯವರ ಕೈಗೆ ಹೋದದ್ದನ್ನು ಊರಲ್ಲಿ ಕಂಡವರಿಲ್ಲ.

ಷರತ್ತು ಕೇಳಿಕೊಂಡು ಬರಲು ನಿಲ್ದಾ ಜೊತೆಗೆ ಅರ್ಸೇನಿಯಾಳೂ ಹೋಗಿದ್ದಳು.

"ನಾವು ಬಲಗಡೆ ಕೂತಿರ್ತೀವಿ ಸೆನ್ಯೋರಾ," ಎಂದಿದ್ದರು ದೊನ್ ಬೆನಿಗ್ನೋ, ಕನ್ನಡಕದ ಮೇಲಿಂದ ನೋಡುತ್ತ. "ನಮಗೆ ಕಾಣೋದು ಸಿಂಹದ ಕಡೆ. ನೋಡಿ, ನನಗೇನೂ ದ್ವೇಷ ಇಲ್ಲ. ಆದರೆ ದೊಡ್ಡೋರು ನಡೆಯೋದನ್ನ ನೋಡಿ ಜನ ನಗಬಾರದು. ಒಂದು ಎಡವಟ್ಟಾಯ್ತು ಅಂದ್ರೆ ಇದೇ ಮೊದಲು, ಇದೇ ಕೊನೆ. ಸಮಿತೀಲಿ ಬೇಡ ಅಂದೋರೇ ಹೆಚ್ಚು, ಗೊತ್ತಿರ್ಲಿ."

ಆ ಮಾತು ಕೇಳಿ ಅರ್ಸೇನಿಯಾ ಬಾವುಟವನ್ನು ತಾನೇ ಹೊಲಿಯುತ್ತೇನೆ ಎಂದಳು. ಒಪ್ಪಿಕೊಂಡ ಮರುಗಳಿಗೆಯಿಂದಲೇ ಯಾಕಾದರೂ ಒಪ್ಪಿಕೊಂಡೆನೋ ಎಂದು ಹಲುಬತೊಡಗಿದಳು.

ನಕ್ಷತ್ರದ ಚಿಂತೆ ಅವಳಿಗಿರಲಿಲ್ಲ. ಚಿಂತೆ ಇದ್ದದ್ದು ಸಿಂಹದ್ದು. ಪುರಸಭೆಯ ಹಜಾರದ ಗಾಜಿನ ಬೀರುವಿನಲ್ಲಿ ಊರಿನ ಹಳೆಯ ಬಾವುಟಗಳನ್ನು ಇಟ್ಟಿದ್ದರು. ಪ್ಲಾಸಿದಾಳನ್ನು ಎಳೆದುಕೊಂಡು ಅಲ್ಲಿಗೆ ಹೋದಳು. ಒಂದೊಂದು ಕಾಲದ ಸಿಂಹ ಒಂದೊಂದು ಥರ. ಒಂದಕ್ಕೆ ಹಂದಿಯ ಹೊಟ್ಟೆ, ಇನ್ನೊಂದಕ್ಕೆ ಪಾದ್ರಿಗಳ ಮುಖ. ಮಗದೊಂದು ನಾಲಗೆ ಹೊರಗೆ ಹಾಕಿ ಬಾಯಾರಿದಂತೆ ಕುಳಿತಿತ್ತು. ಮಡಿಕೆಯ ಗೆರೆ ಬಿದ್ದು ಬಣ್ಣ ಹೋದ ಒಂದು ಬಟ್ಟೆಯಲ್ಲಿ ಸಿಂಹದ ಕೇಸರ ಮಾತ್ರ ಉಳಿದಿತ್ತು.

"ಇದು ನಮ್ಮ ಬೀದಿ ನಾಯೀನೇ," ಎಂದಳು ಪ್ಲಾಸಿದಾ ಗಾಜಿಗೆ ಮೂಗು ತಾಗಿಸಿ. "ಚಿಪಾ ಕದ್ದು ಸಿಕ್ಕಿಬಿದ್ದಾಗ ನನ್ನ ಹಿಂಗೇ ನೋಡತ್ತೆ."

"ಮೆಲ್ಲಗೆ ಮಾತಾಡೇ. ಪಾಪ, ಆಗಿನೋರು ಸಿಂಹ ಎಲ್ಲಿ ನೋಡಿದ್ರು?"

"ನೀನು ನೋಡಿದೀಯಾ?"

"ಇಲ್ಲ."

"ಮತ್ತೆ?"

"ಅದಕ್ಕೇ ಭಯ ಕಣೇ."

ಸರಕಾರ ಹಿಂದಿನ ವರ್ಷವಷ್ಟೇ ಈ ಗೊಂದಲಕ್ಕೆಲ್ಲ ಒಂದು ಕೊನೆ ಹಾಡಿ, ಮೊತ್ತಮೊದಲ ಕಾಲದ ಚಿತ್ರಕ್ಕೇ ಮರಳಬೇಕೆಂದು ಆದೇಶ ಹೊರಡಿಸಿತ್ತು. ನಿಲ್ದಾ ತಂದುಕೊಟ್ಟ ಆ ಚಿತ್ರವನ್ನು ಅರ್ಸೇನಿಯಾ ಗೋಡೆಗೆ ಅಂಟಿಸಿಕೊಂಡು ಬಟ್ಟೆಗೆ ಇಳಿಸಿದಳು. ಸಿಂಹವನ್ನೂ ನಕ್ಷತ್ರವನ್ನೂ ಬೇರೆ ಬೇರೆ ದುಂಡು ಬಟ್ಟೆಯ ಮೇಲೆ ಕಸೂತಿ ಹಾಕಿ, ಆಮೇಲೆ ಬಾವುಟಕ್ಕೆ ಕೂಡಿಸುವುದೆಂದು ಲೆಕ್ಕ ಹಾಕಿದಳು. ಒಂದು ಕಡೆಯದು ಇನ್ನೊಂದು ಕಡೆ ಕಾಣಬಾರದೆಂದು ನಡುವಿನ ಬಿಳಿಯನ್ನು ಎರಡು ಪದರ ಮಾಡಿದಳು. ಸಿಂಹದ ಕಣ್ಣನ್ನು ಎಷ್ಟು ಸಲ ಬಿಚ್ಚಿ ಹಾಕಿದಳೋ ಅವಳಿಗೇ ಗೊತ್ತಿಲ್ಲ. ಒಮ್ಮೆ ಅದು ಕೋಪದಿಂದ ನೋಡುವಂತಿತ್ತು, ಒಮ್ಮೆ ಅಳುವಂತಿತ್ತು, ಒಮ್ಮೆ ಥೇಟ್ ದೊನ್ ಬೆನಿಗ್ನೋ ಆಗಿತ್ತು.

"ನಾವೂ ಒಂದೊಂದು ಕೈ ಹಾಕ್ತೀವಿ ಕೊಡು," ಎಂದು ಪ್ಲಾಸಿದಾ ಕೇಳಿದಳು. ಬಲೆ ಹೆಣೆದು ಪಳಗಿದ ಕೈ ತನ್ನದು ಎಂದು ಇಸಾಬೆಲಿನೋ ಕೂಡ ಬಂದರು. ಅರ್ಸೇನಿಯಾ ಇಬ್ಬರಿಗೂ ತಂಪು ತೆರೆರೆ ಕುಡಿಸಿ, ಬಾಗಿಲಲ್ಲೇ ಮಾತಾಡಿಸಿ ಕಳಿಸಿದಳು.

"ನೀವು ಹಾಕಿದ ಹೊಲಿಗೆ ನಾನು ಮತ್ತೆ ಬಿಚ್ಚಿ ಹಾಕ್ಬೇಕಾಗತ್ತೆ. ಬೇಜಾರ್ ಮಾಡ್ಕೋಬೇಡಿ. ನನಗೆ ನಿದ್ದೆ ಬರಲ್ಲ."

"ಈಗ ಬರ್ತಿದೆಯಾ?" ಎಂದಳು ಪ್ಲಾಸಿದಾ.

"ಈಗಲೂ ಇಲ್ಲ."

ನಕ್ಷತ್ರವನ್ನು ಮುಂಬದಿಗೆ ಕೂಡಿಸಿಯಾಯಿತು. ಕೆಂಪಿಗೂ ನೀಲಿಗೂ ಕೈಬೆವರು ತಾಗಬಾರದೆಂದು ಬಿಳಿಗೆ ಆಗಲೇ ಹೊಲಿದಿದ್ದ ಆ ಎರಡು ಪಟ್ಟೆಗಳನ್ನೂ ಅಲ್ಲೇ ಸುರುಳಿ ಸುತ್ತಿ, ಹಳೆಯ ಹೊದಿಕೆಯಲ್ಲಿ ಕಟ್ಟಿ, ಬಿಳಿಯನ್ನು ಮಾತ್ರ ಮೇಜಿನ ಮೇಲೆ ಹರಡಿಕೊಂಡಳು. ಬಟ್ಟೆಯನ್ನು ಮಗುಚಿದಳು. ನಕ್ಷತ್ರದ ನಡುಮಧ್ಯೆ ಚುಚ್ಚಿದ ಗುಂಡುಪಿನ್ನು ಈಚೆ ಎಲ್ಲಿ ಬಂತೋ ಅಲ್ಲಿಗೇ ಸಿಂಹದ ನಡುವನ್ನು ಹೊಂದಿಸಿ ಸುತ್ತಲೂ ಹೊಲಿದಳು. ಅಳತೆಪಟ್ಟಿ ಹಿಡಿದು ನಾಲ್ಕೂ ಕಡೆಯಿಂದ ನೋಡಿದಳು. ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಆ ದಿನ ಮಾತ್ರ ಅವಳು ತನ್ನ ಕೆಲಸ ನೋಡಿ ತಾನೇ ಸಣ್ಣಗೆ ನಕ್ಕಳು. ಬಟ್ಟೆಯನ್ನು ಮತ್ತೆ ನಕ್ಷತ್ರದ ಕಡೆಗೆ ಮಗುಚಿ, ಆಮೇಲೆ ಸುರುಳಿ ಬಿಡಿಸಿ, ನಕ್ಷತ್ರ ಮೇಲೆ ಬರುವಂತೆ ಮಡಿಸಿ ತಟ್ಟೆಯಲ್ಲಿಟ್ಟು ಪಾದ್ರಿಗಳ ಆಶೀರ್ವಾದಕ್ಕೆ ಇಗರ್ಜಿಗೆ ಒಯ್ದಳು. ಮಗುವಿನ ಜ್ಞಾನಸ್ನಾನಕ್ಕೆ ನಿಲ್ಲುವಂತೆ ಬಾವುಟಕ್ಕೂ ಜ್ಞಾನ ತಾಯಿ ತಂದೆಯಾಗಿ ನಿಂತವರು ತಟ್ಟೆ ಹಿಡಿದರು, ಪಾದ್ರಿಗಳು ನೀರು ಚಿಮುಕಿಸಿದರು. ಮಡಿಕೆಯನ್ನು ಯಾರೂ ಬಿಚ್ಚಲಿಲ್ಲ. ಅರ್ಸೇನಿಯಾ ಬಿಚ್ಚಗೊಡಲಿಲ್ಲ.

ಮೇ ಹದಿನಾಲ್ಕರ ಬೆಳಿಗ್ಗೆ ಬಿಸಿಲು ಎಳೆಯದಾಗಿತ್ತು. ನದಿಯ ಕಡೆಯಿಂದ ಒಳ್ಳೆಯ ಗಾಳಿ ಬೀಸುತ್ತಿತ್ತು. ಇಗರ್ಜಿಯ ಪಕ್ಕದ ಓಣಿಯಲ್ಲಿ ಶಾಲೆಗಳೆಲ್ಲ ಸಾಲುಗಟ್ಟಿ ನಿಂತಿದ್ದವು. ಹಬ್ಬದ ಬಿಸಿ ಚಾಕೊಲೇಟು ಹಾಲಿನ ಹಂಡೆ ಉದ್ದ ಮೇಜಿನ ಮೇಲೆ ಹೊಗೆಯಾಡುತ್ತಿತ್ತು. ಸಂಜೆ ಶಾಲೆ ಎಲ್ಲರಿಗಿಂತ ಕೊನೆ. ಗಂಡಸರು ಬಿಳಿ ಅಂಗಿ ತೊಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು ಬಂದಿದ್ದರು. ಇಟ್ಟಿಗೆ ಗೂಡಿನಲ್ಲಿ ದುಡಿಯುವವರ ಉಗುರಿನಲ್ಲಿ ಎಷ್ಟು ಉಜ್ಜಿದರೂ ಹೋಗದ ಕೆಂಪು ಮಣ್ಣಿತ್ತು. ಅರ್ಸೇನಿಯಾ ಎದೆಗೆ ಪಟ್ಟಿ ಕಟ್ಟಿ, ಗವಸು ತೊಟ್ಟು, ಹೆಗಲಿಗೊಂದು ಚೀಲ ನೇತುಹಾಕಿಕೊಂಡಿದ್ದಳು.

"ಬಾವುಟ ಹಿಡಿಯೋಳಿಗೆ ಚೀಲ ಯಾಕೆ?" ಎಂದಳು ಪ್ಲಾಸಿದಾ. "ಸಂತೆಗೆ ಹೊರಟಿದೀಯಾ?"

"ಇನ್ನೊಂದು ಜೊತೆ ಗವಸು, ಸೂಜಿ, ದಾರ, ಕತ್ತರಿ. ಎಲ್ಲಾದ್ರೂ ಬಿಚ್ಕೊಂಡ್ರೆ?"

"ಏನು ಬಿಚ್ಕೊಳ್ಳತ್ತೆ? ನೀನು ಹೊಲಿದಿದ್ದು ಪ್ರಳಯದಲ್ಲೂ ಬಿಚ್ಚಲ್ಲ."

ದೊನ್ ಇಸಾಬೆಲಿನೋ ಬಾವುಟವನ್ನು ಕೋಲಿಗೆ ಕಟ್ಟಿದರು. ಗಂಟಿನ ವಿಷಯದಲ್ಲಿ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೋಲು ಎತ್ತಿದರು. ಗಾಳಿ ಬಟ್ಟೆಯನ್ನು ಒಮ್ಮೆಗೇ ಬಿಡಿಸಿ ಹರಡಿತು. ಓಣಿಯ ಎಡಗಡೆ ನಿಂತವರು ನಕ್ಷತ್ರ ನೋಡಿ ಚಪ್ಪಾಳೆ ತಟ್ಟಿದರು. ಬಲಗಡೆ ನಿಂತವರು ತಟ್ಟಲಿಲ್ಲ.

"ಅಯ್ಯೋ," ಎಂದಳು ಬಲಗಡೆ ಇದ್ದ ಪ್ಲಾಸಿದಾ. ಅವಳ ಬಾಯಿಂದ ಮೊದಲು ನಗು ಬಂತು, ಆಮೇಲೆ ಅದು ಅಲ್ಲೇ ನಿಂತಿತು. "ಅರ್ಸೇನಿಯಾ... ನಿನ್ನ ಸಿಂಹ ಕಬ್ಬಿನ ಸಾರಾಯಿ ಕುಡಿದಿದೆ ಕಣೇ."

ಅರ್ಸೇನಿಯಾ ಈ ಕಡೆ ಬಂದು ನೋಡಿದಳು. ಕೆಂಪು ಮೇಲಿತ್ತು, ನೀಲಿ ಕೆಳಗಿತ್ತು. ನಡುವೆ ಅವಳ ಸಿಂಹ, ಅಷ್ಟು ಸಲ ಬಿಚ್ಚಿ ಹಾಕಿದ ಕಣ್ಣುಗಳ ಸಮೇತ, ಕಾಲು ಮೇಲೆ ಮಾಡಿಕೊಂಡು ತಲೆಯ ಮೇಲೆ ನಿಂತಿತ್ತು. ಟೋಪಿ ಸಿಕ್ಕಿಸಿದ ಕೋಲೂ ತಲೆಕೆಳಗಾಗಿತ್ತು.

ಅವಳಿಗೆ ಕೂಡಲೇ ಹೊಳೆಯಿತು. ಅಂದು ಬಟ್ಟೆ ಮಗುಚುವಾಗ, ಬಾಗಿಲು ತೆರೆದಂತೆ ಪಕ್ಕಕ್ಕೆ ತಿರುಗಿಸಬೇಕಿತ್ತು. ಅವಳು ಕಾವಲಿಯ ಮೇಲಿನ ರೊಟ್ಟಿಯಂತೆ ಕೆಳಗಿನಿಂದ ಮೇಲಕ್ಕೆ ಮಗುಚಿದ್ದಳು. ಪಟ್ಟೆಗಳು ಸುರುಳಿಯೊಳಗೆ ಇದ್ದದ್ದರಿಂದ ಯಾವುದು ಮೇಲು, ಯಾವುದು ಕೆಳಗು ಎಂದು ಕಾಣಲಿಲ್ಲ. ಅಳತೆಪಟ್ಟಿ ಹಿಡಿದು ನಾಲ್ಕು ಕಡೆ ನೋಡಿದವಳಿಗೆ ಅದೊಂದು ಮಾತ್ರ ಕಂಡಿರಲಿಲ್ಲ. ಬೇರೆ ಯಾರು ನೋಡಿದ್ದರೂ ಕಾಣುತ್ತಿತ್ತು. ಆದರೆ ಅವಳು ಯಾರಿಗೂ ತೋರಿಸಿರಲಿಲ್ಲ.

ಬೀದಿಯ ಆ ತುದಿಯಲ್ಲಿ ಬ್ಯಾಂಡು ಶುರುವಾಯಿತು.

"ಪ್ರೊಫೆ," ಎಂದಳು ಅರ್ಸೇನಿಯಾ. "ನನಗೆ ಹುಷಾರಿಲ್ಲ ಅಂತ ಹೇಳಿ. ಬೇರೆ ಯಾರಾದ್ರೂ ಬಾವುಟ ಇಲ್ದೇನೇ..."

"ಬಾವುಟ ಇಲ್ದೆ ನಡೆಯೋಕೆ ಬಿಡಲ್ಲ ನ್ಯಾ ಅರ್ಸೇನಿಯಾ," ಎಂದಳು ನಿಲ್ದಾ. ಅವಳ ಮುಖವೂ ಬಿಳಿಚಿತ್ತು.

"ನಾನ್ ಒಂದು ಹೇಳ್ಲಾ?" ಎಂದಳು ಪ್ಲಾಸಿದಾ. "ವೇದಿಕೆ ಹತ್ರ ಬರ್ತಿದ್ದ ಹಾಗೆ ಬಟ್ಟೇನ ಕೋಲಿಗೆ ಸುತ್ತಿಬಿಡೋಣ. ಗಾಳಿ ಸುತ್ತಿಬಿಡ್ತು ಅನ್ನೋಣ. ದಾಟಿದ ಮೇಲೆ ಮತ್ತೆ ಬಿಚ್ಚಿದ್ರಾಯ್ತು. ಸಿಂಹ ಕಾಣಲ್ಲ, ನಕ್ಷತ್ರಾನೂ ಕಾಣಲ್ಲ, ಆದ್ರೆ ನಾವು ಕಾಣ್ತೀವಲ್ಲ!"

ಆ ಮಾತು ಅರ್ಸೇನಿಯಾಗೆ ನೀರಡಿಸಿದವರಿಗೆ ನೀರು ಸಿಕ್ಕಂತೆ ಕೇಳಿಸಿತು. ಆಗುತ್ತದೆ. ಹಾಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ತಲೆ ಆಡಿಸಬೇಕೆನ್ನುವಷ್ಟರಲ್ಲಿ ದೊನ್ ಬೆನಿಗ್ನೋ ಕೈಯಲ್ಲಿ ಕಾಗದ ಹಿಡಿದುಕೊಂಡು ಸಾಲು ಪರೀಕ್ಷಿಸುತ್ತ ಬಂದೇಬಿಟ್ಟರು. ಇಸಾಬೆಲಿನೋ ಚಕ್ಕನೆ ಕೋಲು ಇಳಿಸಿ, ಬಟ್ಟೆಯನ್ನು ಎದೆಗೆ ಎಳೆದುಕೊಂಡರು.

"ಸಂಜೆ ಶಾಲೆ ರೆಡೀನಾ? ಎಲ್ಲಿ, ಬಾವುಟ ನೋಡೋಣ."

"ಸೆನ್ಯೋರ್, ನೆಲಕ್ಕೆ ತಾಗತ್ತೆ ಅಂತ ಇಳಿಸಿದೀನಿ," ಎಂದರು ಇಸಾಬೆಲಿನೋ. "ಗಂಟು ಬಿಗಿ ಮಾಡ್ತಿದೀನಿ."

"ಸರಿ. ವೇದಿಕೆ ಮುಂದೆ ಪೂರ್ತಿ ಬಿಡಿಸಿ ಹಿಡೀಬೇಕು, ನೆನಪಿರ್ಲಿ. ಮೊದಲು ಹಳೇ ಬಾವುಟಗಳು, ಆಮೇಲೆ ಶಾಲೆಗಳು, ಆಮೇಲೆ ಕುದುರೆ ಸವಾರರು. ಆಮೇಲೆ ನೀವು. ಹೆಸರು ಕೂಗಿದಾಗ ಇಲ್ಲಾ ಅಂದ್ರೆ, ಇಲ್ಲ ಅಷ್ಟೆ." ಅವರು ಅರ್ಸೇನಿಯಾಳನ್ನು ನೋಡಿದರು. "ಮುಖ ಯಾಕೆ ಹಾಗಿದೆ ಸೆನ್ಯೋರಾ? ಭಯಾನಾ?"

"ಹೌದು," ಎಂದಳು ಅರ್ಸೇನಿಯಾ. "ಆದ್ರೂ ಬಿಡಿಸಿ ಹಿಡೀತೀನಿ. ಎರಡೂ ಕಡೆ ಕಾಣೋ ಹಾಗೆ."

ಅಂದ ಮೇಲೆಯೇ ತಾನು ಏನು ಹೇಳಿದೆ ಎಂಬುದು ಅವಳಿಗೆ ಗೊತ್ತಾದದ್ದು. ದೊನ್ ಬೆನಿಗ್ನೋ ಹುಬ್ಬು ಏರಿಸಿ ಮುಂದೆ ಹೋದರು.

"ನಿನ್ನ ತಲೆ ಕೆಟ್ಟಿದೆಯಾ?" ಎಂದಳು ಪ್ಲಾಸಿದಾ.

ಅರ್ಸೇನಿಯಾ ಗವಸು ಕಳಚಿ ಹಲ್ಲಿನಲ್ಲಿ ಕಚ್ಚಿಕೊಂಡಳು. ಚೀಲಕ್ಕೆ ಕೈ ಹಾಕಿ ಕತ್ತರಿ ತೆಗೆದಳು. "ಮುದ್ರೆ ದುಂಡಗಿದೆ," ಎಂದಳು ಗವಸಿನ ನಡುವಿನಿಂದಲೇ. "ಸುತ್ತ ಹೊಲಿಗೆ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಹೊಲಿದ್ರೆ ಆಯ್ತು. ಹಂಡೆ ಇಳಿಸಿ. ಮೇಜು ಒರೆಸಿ."

ಹಬ್ಬದ ದಿನ, ಬಾವುಟಕ್ಕೆ ಕತ್ತರಿ. ಇಟ್ಟಿಗೆ ಗೂಡಿನವರಲ್ಲಿ ಒಬ್ಬ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಆದರೂ ಅವನೇ ಮೊದಲು ಹಂಡೆಯ ಕಿವಿ ಹಿಡಿದದ್ದು. ಚಾಕೊಲೇಟಿನ ಹಂಡೆ ನೆಲಕ್ಕೆ ಇಳಿಯಿತು. ಯಾರೋ ತಮ್ಮ ಶಾಲನ್ನು ಮೇಜಿನ ಮೇಲೆ ಹಾಸಿದರು. ಅದರ ಮೇಲೆ ಬಾವುಟ, ಸಿಂಹದ ಮುಖ ಮೇಲೆ.

ಅವಳ ಹೊಲಿಗೆ ಅವಳಿಗೇ ವೈರಿಯಾಯಿತು. ಅಷ್ಟು ಒತ್ತಾಗಿ, ಅಷ್ಟು ಬಿಗಿಯಾಗಿ ಹೊಲಿದಿದ್ದಳು. ಕತ್ತರಿಯ ತುದಿ ಎಳೆ ಎಳೆಯಾಗಿ ಹೋಗಬೇಕಿತ್ತು. ಕೆಳಗಿನ ಬಿಳಿಗೆ ತಾಗಿದರೆ ಎಲ್ಲ ಮುಗಿಯಿತು. ಓಣಿಯ ಬಾಯಿಯಲ್ಲಿ, ಬೆಳಗಿನ ಶಾಲೆಯ ಮಕ್ಕಳು ದೇಶದ ಹಳೆಯ ಬಾವುಟಗಳನ್ನು ಒಂದೊಂದಾಗಿ ಹಿಡಿದು ಹೊರಟಿದ್ದರು. ಮೊದಲು ನೀಲಿಯ ಮೂಲೆಯಲ್ಲಿ ನಕ್ಷತ್ರವಿದ್ದದ್ದು. ಹಿಂದೆಯೇ ಹಳದಿ ಸೇರಿದ ಮೂರು ಪಟ್ಟೆಯದು. ಯಾವ ಪಟ್ಟೆ ಮೇಲೆ ಬರಬೇಕೆಂದು ಜನರ ಮಧ್ಯೆ ಇಬ್ಬರು ಮುದುಕರು ಆಗಲೇ ಜಗಳ ಶುರುಮಾಡಿದ್ದರು. ಅದಾದ ಮೇಲೆ, ಒಂದು ಬದಿಗೆ ಸ್ಪೇನಿನ ದೊರೆಯ ಲಾಂಛನವಿತ್ತಂತೆ ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದು. ಬಳಿಕ ಕೆಂಪು, ಬಿಳಿ, ನೀಲಿ, ಮತ್ತೆ ಕೆಂಪು, ಬಿಳಿ, ನೀಲಿ; ಹಂದಿ ಹೊಟ್ಟೆಯ ಸಿಂಹ, ನಾಲಗೆ ಚಾಚಿದ ಸಿಂಹ. ಇನ್ನೂರು ವರ್ಷ ಓಣಿಯ ಬಾಯಲ್ಲಿ ಹಾದುಹೋಗುತ್ತಿತ್ತು, ಮತ್ತು ಅರ್ಸೇನಿಯಾ ಇನ್ನೂ ಕಾಲುಭಾಗ ಬಿಚ್ಚುವುದರಲ್ಲಿದ್ದಳು.

"ಕೊಡು ಮಗಳೇ," ಎಂದರು ಇಸಾಬೆಲಿನೋ. ಜೇಬಿನಿಂದ ಮೀನಿನ ಚಾಕು ತೆಗೆದಿದ್ದರು. ಅದರ ಅಲಗು ಎಲೆಯಷ್ಟು ತೆಳ್ಳಗಿತ್ತು. "ಆ ಕಡೆಯಿಂದ ನಾನು ಬರ್ತೀನಿ."

ಅರ್ಸೇನಿಯಾ ಆ ಚಾಕು ನೋಡಿದಳು, ಆ ಒರಟು ಕೈ ನೋಡಿದಳು. ಬೇಡ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಓಣಿಯ ಬಾಯಲ್ಲಿ ಹಳೆಯ ಬಾವುಟಗಳು ಮುಗಿದು ಮೊದಲ ಶಾಲೆಯ ಹೆಸರು ಕೇಳಿಸಿತು.

"ಬನ್ನಿ," ಎಂದಳು.

ಅವರು ಬಂದರು. ಮುದ್ರೆ ಸಡಿಲವಾಯಿತು. ಅರ್ಸೇನಿಯಾ ನಡುವಿಗೆ ಗುಂಡುಪಿನ್ನು ಚುಚ್ಚಿ, ಎರಡು ಅಂಗೈ ಊರಿ, ಸಿಂಹವನ್ನು ಬೀಸುವ ಕಲ್ಲಿನಂತೆ ಮೆಲ್ಲಗೆ ತಿರುಗಿಸಿದಳು. ಕಾಲು ಕೆಳಗೆ ಬಂತು. ತಲೆ ಮೇಲೆ ಬಂತು. ಸುತ್ತ ನಿಂತವರು ತಡೆಹಿಡಿದಿದ್ದ ಉಸಿರನ್ನು ಒಟ್ಟಿಗೇ ಬಿಟ್ಟರು.

"ಈಗ ಹೊಲೀಬೇಕು. ಯಾರಿಗೆಲ್ಲ ಸೂಜಿ ಹಿಡಿಯೋಕೆ ಬರತ್ತೆ?"

ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಂಡರು.

"ಯಾರಿಗೆಲ್ಲ ಬರಲ್ಲ?"

"ನಂಗ್ ಬರಲ್ಲ," ಎಂದ ಶಿಲುಬೆಯ ಗುರುತು ಮಾಡಿಕೊಂಡಿದ್ದವನು. "ಆದ್ರೆ ಕೊಡಿ."

ಸೂಜಿಗಳು ಕೈಯಿಂದ ಕೈಗೆ ಹೋದವು. ಮೇಜಿನ ಸುತ್ತ ಎಷ್ಟು ಜನ ಹಿಡಿಸಿದರೋ ಅಷ್ಟು ಜನ ನಿಂತರು, ಒಂದು ತಟ್ಟೆಯಿಂದ ಉಣ್ಣಲು ಕುಳಿತವರಂತೆ, ತಲೆಗೆ ತಲೆ ತಾಗಿಸಿ. ಇಸಾಬೆಲಿನೋ ಬಲೆಯ ಗಂಟಿನಂಥ ಹೊಲಿಗೆ ಹಾಕಿದರು. ಪ್ಲಾಸಿದಾಳ ಹೊಲಿಗೆ ಅವಳ ನಡಿಗೆಯ ಹಾಗೆಯೇ ದೊಡ್ಡ ದೊಡ್ಡ ಹೆಜ್ಜೆಯದು. ನಿಲ್ದಾ ಬೆರಳಿಗೆ ಚುಚ್ಚಿಕೊಂಡು, ರಕ್ತ ಬಟ್ಟೆಗೆ ತಾಗದಂತೆ ಬಾಯಿಗಿಟ್ಟುಕೊಂಡಳು.

"ಅದು ವಕ್ರ ಆಗ್ತಿದೆ," ಎಂದಳು ಅರ್ಸೇನಿಯಾ, ತಡೆಯಲಾರದೆ.

"ನನ್ನ ಮುಖಾನೂ ವಕ್ರಾನೇ," ಎಂದಳು ಪ್ಲಾಸಿದಾ. "ನಿನ್ನ ಪಾಲು ನೀನು ಹೊಲಿ."

ಅರ್ಸೇನಿಯಾ ತನ್ನ ಪಾಲು ಹೊಲಿದಳು. ತಾನು ಹುಟ್ಟಿದಾಗಿನಿಂದ ಹಾಕಿದ ಹೊಲಿಗೆಗಳಲ್ಲೆಲ್ಲ ಇದೇ ಅತಿ ಕೆಟ್ಟದ್ದು ಎಂದು ಅವಳಿಗೆ ಗೊತ್ತಿತ್ತು.

ಕುದುರೆಗಳ ಗೊರಸಿನ ಸದ್ದು ಓಣಿಯಿಂದ ಆಚೆ ಹೋಯಿತು. ಧ್ವನಿವರ್ಧಕ ಗೊರಗೊರ ಎಂದಿತು.

"ಯಾತಾಯ್ ಕೋರಾದ ವಯಸ್ಕರ ಸಂಜೆ ಶಾಲೆ!"

"ಇನ್ನೂ ಬೆರಳುದ್ದ ಬಾಕಿ ಇದೆ!" ಎಂದಳು ನಿಲ್ದಾ.

"ಎತ್ತಿ," ಎಂದಳು ಪ್ಲಾಸಿದಾ, ಸೂಜಿ ಬಿಡದೆ. "ನಾನ್ ನಡೀತಾ ಹೊಲೀತೀನಿ."

ಅರ್ಸೇನಿಯಾ ಗವಸು ತೊಟ್ಟು ಕೋಲು ಹಿಡಿದಳು. ಎಡಗಡೆ ಇಸಾಬೆಲಿನೋ. ಬಲಗಡೆ ಪ್ಲಾಸಿದಾ; ಬಟ್ಟೆಯ ಅಂಚನ್ನು ಎದೆಗೆ ಒತ್ತಿಕೊಂಡು, ಹೆಜ್ಜೆಗೊಂದು ಹೊಲಿಗೆ ಹಾಕುತ್ತ ನಡೆದಳು. ಓಣಿ ದಾಟಿ ಬೀದಿಗೆ ಬಂದರು. ಇಕ್ಕೆಲಗಳಲ್ಲೂ ಜನ. ಅರ್ಸೇನಿಯಾ ಪ್ರತಿ ವರ್ಷ ತುದಿಗಾಲಲ್ಲಿ ನಿಲ್ಲುತ್ತಿದ್ದ ಜಾಗ ಬಂತು, ಹೋಯಿತು. ಅಲ್ಲಿ ಈಗ ಬೇರೆ ಯಾರೋ ನಿಂತಿದ್ದರು. ಬಾವುಟ ಹಿಡಿದವರು ಹಿಂದೆ ಮುಂದೆ ನೋಡಬಾರದು. ಕಣ್ಣು ನೇರ ಇರಬೇಕು. ಎಲ್ಲವನ್ನೂ ಮತ್ತೆ ಮತ್ತೆ ನೋಡಿ ಗಟ್ಟಿ ಮಾಡಿಕೊಳ್ಳುವ ಅವಳಿಗೆ, ಬೆನ್ನ ಹಿಂದೆ ಏನು ನಡೆಯುತ್ತಿದೆ ಎಂದು ನೋಡುವ ಹಾಗಿರಲಿಲ್ಲ. ಸಿಂಹ ಅಲ್ಲೇ ಇದೆಯೋ, ಜಾರಿತೋ, ಪ್ಲಾಸಿದಾಳ ದಾರ ತುಂಡಾಯಿತೋ?

"ಪ್ಲಾಸಿದಾ," ಎಂದಳು ತುಟಿ ಅಲ್ಲಾಡಿಸದೆ. "ಆಯ್ತಾ?"

"ಮಾತಾಡ್ಬೇಡ. ಚುಚ್ಕೊಳ್ಳತ್ತೆ."

"ವೇದಿಕೆ ಬಂತು."

"ಕಾಣತ್ತೆ. ನನಗೂ ಕಣ್ಣಿದೆ."

ವೇದಿಕೆಗೆ ಇನ್ನು ಕುದುರೆಯುದ್ದ ದೂರವಿದ್ದಾಗ ಪಟ್ ಎಂದು ಸದ್ದು ಕೇಳಿಸಿತು. ಪ್ಲಾಸಿದಾ ಹಲ್ಲಿನಿಂದ ದಾರ ಕಚ್ಚಿ ಹರಿದಿದ್ದಳು. ಅಂಚು ಬಿಟ್ಟಳು. ನದಿಯ ಗಾಳಿ ಕಾದು ನಿಂತಿದ್ದಂತೆ ಬಾವುಟವನ್ನು ಹಿಡಿದು ಹಿಂದಕ್ಕೆ ಪೂರ್ತಿ ಬಿಡಿಸಿತು.

ಅರ್ಸೇನಿಯಾ ಸಿಂಹವನ್ನು ನೋಡಲಿಲ್ಲ. ಜನರ ಮುಖಗಳನ್ನು ನೋಡಿದಳು. ಬಲಗಡೆಯ ಮುಖಗಳು ಮೇಲಕ್ಕೆ ಎದ್ದವು, ಅರಳಿದವು. ಟೋಪಿಗಳು ತಲೆಯಿಂದ ಇಳಿದವು. ವೇದಿಕೆಯ ಮೇಲೆ ಕುಳಿತಿದ್ದ ದೊಡ್ಡವರೆಲ್ಲ ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟರು. ಎಲ್ಲೋ ಒಂದು ಹೆಣ್ಣುದನಿ, "ಅಮ್ಮಾ! ನಮ್ಮಮ್ಮ!" ಎಂದು ಕಿರುಚಿತು. ಅದು ತನ್ನ ಮಗಳದೋ, ಇನ್ಯಾರ ಮಗಳದೋ ಅವಳಿಗೆ ತಿಳಿಯಲಿಲ್ಲ. ಹಿಂದೆ ನಡೆಯುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ಬೆನ್ನು ನೆಟ್ಟಗೆ ಮಾಡಿದ್ದು ಮಾತ್ರ ಹೆಜ್ಜೆಯ ಸದ್ದಿನಲ್ಲೇ ಗೊತ್ತಾಯಿತು.

ಬಾವುಟ ಹಿಡಿದವರ ಪೂರ್ತಿ ಹೆಸರನ್ನು ಧ್ವನಿವರ್ಧಕದಲ್ಲಿ ಹೇಳುವುದು ಪದ್ಧತಿ. ದೊನ್ ಬೆನಿಗ್ನೋ ಕಾಗದದಿಂದ ಕಣ್ಣೆತ್ತಿ ಸಿಂಹವನ್ನು ದಿಟ್ಟಿಸಿದರು. ಆಮೇಲೆ ಅವರ ಧ್ವನಿ ಬೀದಿಯುದ್ದಕ್ಕೂ ಹಬ್ಬಿತು: "ಬಾವುಟ ಹಿಡಿದವರು, ಸೆನ್ಯೋರಾ ಅರ್ಸೇನಿಯಾ ಒವೆಲಾರ್ ವಿಯಾಲ್ಬಾ!" ಜನರ ಗದ್ದಲದಲ್ಲಿ ಅದು ಮುಳುಗಿಹೋಯಿತು. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ, ಇನ್ನೊಂದು ಸಲ ಹೇಳಿದರು, ಮೊದಲಿಗಿಂತ ಗಟ್ಟಿಯಾಗಿ.

ವೇದಿಕೆ ಹಿಂದೆ ಬಿತ್ತು.

ಆಗ ಇನ್ನೊಂದು ತೊಂದರೆ ಎದುರಾಯಿತು. ಬೇರೆ ಶಾಲೆಗಳೆಲ್ಲ ಔಷಧಿ ಅಂಗಡಿಯ ಮೂಲೆಯಲ್ಲಿ ತಿರುಗಿ ಚದುರಿಹೋಗುತ್ತವೆ. ಊರಿಗೇ ಗೊತ್ತಿದ್ದ ವಿಷಯ. ಆದರೆ ಸಂಜೆ ಶಾಲೆಯವರು ಇಂಥದ್ದರಲ್ಲಿ ಎಂದೂ ನಡೆದವರಲ್ಲ. ವೇದಿಕೆಯವರೆಗೆ ಹೇಗೆ ನಡೆಯಬೇಕೆಂದು ವಾರಗಟ್ಟಲೆ ಅಂಗಳದಲ್ಲಿ ಅಭ್ಯಾಸ ಮಾಡಿದ್ದರು, ವೇದಿಕೆ ದಾಟಿದ ಮೇಲೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ. ಮೂಲೆ ಬಂತು. ಅರ್ಸೇನಿಯಾ ನೇರ ನಡೆದಳು. ಹಿಂದಿದ್ದವರೆಲ್ಲ ನೇರ ನಡೆದರು.

"ಪ್ರೊಫೆ, ಎಲ್ಲಿ ನಿಲ್ಲೋದು?" ಎಂದು ಯಾರೋ ಹಿಂದಿನಿಂದ ಕೂಗಿದರು.

"ನನಗೂ ಗೊತ್ತಿಲ್ಲ!" ಎಂದು ನಿಲ್ದಾ ನಗುತ್ತ ಕೂಗಿದಳು.

ಇವರು ನಿಲ್ಲದ್ದನ್ನು ಕಂಡು ಬ್ಯಾಂಡಿನವರೂ ನಿಲ್ಲಿಸಲಿಲ್ಲ. ದೊಡ್ಡ ನಗಾರಿಯವನು ಹೆಗಲು ಬದಲಿಸಿ ಹಿಂದೆ ಬಂದ. ಮೂಲೆಯಲ್ಲಿ ಚದುರಿದ್ದ ಮಕ್ಕಳು ಓಡಿಬಂದು ಸೇರಿಕೊಂಡರು, ಅವರ ಅಮ್ಮಂದಿರು, ಜಗಳ ಮುಗಿಯದ ಆ ಇಬ್ಬರು ಮುದುಕರು, ಎಲ್ಲರೂ. ಬೀದಿ ಇಳಿಜಾರಾಯಿತು. ಮಾವಿನ ಮರಗಳ ನೆರಳು ದಾಟಿ, ಕೆಂಪು ಮಣ್ಣಿನ ದಾರಿ ದಾಟಿ, ಊರಿಗೆ ಊರೇ ಹಡಗುಕಟ್ಟೆಗೆ ಬಂದು ನಿಂತಿತು. ಮುಂದೆ ಬರೀ ನದಿ. ಇಸಾಬೆಲಿನೋರ ಅಗಲ ದೋಣಿ ಕಂಬಕ್ಕೆ ಕಟ್ಟಿಕೊಂಡು ತೂಗಾಡುತ್ತಿತ್ತು. ಆಚೆ ದಡದಲ್ಲಿ ದನ ಕಾಯುವವರು ನಾಲ್ಕಾರು ಜನ ಕೈ ಅಡ್ಡ ಹಿಡಿದು ಈ ಕಡೆ ನೋಡುತ್ತಿದ್ದರು.

ಈಗ ಅರ್ಸೇನಿಯಾ ಕೋಲು ತಿರುಗಿಸಿ ನೋಡಿದಳು. ಸಿಂಹ ತುಸು ಎಡಕ್ಕೆ ವಾಲಿತ್ತು. ಸುತ್ತ ಹೊಲಿಗೆ ಒಂದು ಕಡೆ ಇರುವೆ ಸಾಲಿನಂತೆ, ಒಂದು ಕಡೆ ಬಲೆಯಂತೆ, ಪ್ಲಾಸಿದಾಳ ಪಾಲಿನಲ್ಲಿ ಓಡುವ ಕೋಳಿಯ ಹೆಜ್ಜೆಯಂತೆ ಇತ್ತು. ಅವಳು ಬಹಳ ಹೊತ್ತು ನೋಡಿದಳು.

"ಬಿಚ್ಚಿ ಮತ್ತೆ ಹೊಲೀತೀಯಾ?" ಎಂದಳು ಪ್ಲಾಸಿದಾ, ಸ್ವಲ್ಪ ಅಂಜುತ್ತಲೇ.

"ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ಅರ್ಸೇನಿಯಾ.

ದೊನ್ ಇಸಾಬೆಲಿನೋ ಗಂಟಲು ಕೆರೆದರು. "ಮಗಳೇ, ಆಚೆ ದಡದಲ್ಲೂ ಜನ ಇದಾರೆ. ಪಾಪ, ಅವರಿಗೆ ದೂರದಿಂದ ಸರಿಯಾಗಿ ಕಂಡಿರಲ್ಲ. ದೋಣಿ ಬಿಚ್ಲಾ?"

ಅರ್ಸೇನಿಯಾ ಯಾರನ್ನೂ ಕೇಳಲಿಲ್ಲ. ಎರಡು ಸಲ ಯೋಚಿಸಲೂ ಇಲ್ಲ.

"ಬಿಚ್ಚಿ," ಎಂದಳು. ದೋಣಿಯ ಮುಂದಿನ ಮೂಲೆಗೆ ಹೋಗಿ ಕೋಲು ಎತ್ತಿ ಹಿಡಿದು ನಿಂತಳು. ಅವಳ ಹಿಂದೆ ಸಂಜೆ ಶಾಲೆ ಹತ್ತಿತು, ಸಂಜೆ ಶಾಲೆಯ ಹಿಂದೆ ನಗಾರಿ ಹತ್ತಿತು.